ಗಿರಿಯಮ್ಮನ ಕುಂಬಳದ ಹರಾಜು

ಗುಬ್ಬಿ,
೧೮ ನವೆಂಬರ್ ೨೦೨೪

ಪ್ರೀತಿಯ ತಂಗಿ ಮೋನಿಕಾಳಿಗೆ,

ಕುಣಿಗಲ್ ಪುರದ ಮಹಾಜನಗಳೇ, ಶುಶ್ರೂಷಕಿಯರೇ, ಅವರ ಯಜಮಾನರೇ, ಕಿಟಕಿಯಲ್ಲಿ ಕೂತು ಕೇಳುತ್ತಿರುವ ಬೆಕ್ಕೇ! ಇಂದಿನ ಘನವಾದ ವಿಷಯ: ಸಭೆಯ ಜನ ತಮ್ಮ ಸಮಯವನ್ನೂ ಸಂಬಳವನ್ನೂ ಚರ್ಚಿಗೆ ಯಾಕೆ ಸುರಿಯುತ್ತಾರೆ? ಪ್ರಶ್ನೆ ಎತ್ತಿದವರು ತಾವೇ. ಉತ್ತರಿಸಲು ನಿಂತಿರುವವನು ಕನ್ನಡ ಮಾಧ್ಯಮದ ಬಿ.ಎ., ವಸಂತನರಸಾಪುರದ ಡಬ್ಬದ ಕಾರ್ಖಾನೆಯ ಸ್ಟೋರ್ ಕೀಪರ್, ಗುಬ್ಬಿ ಸಭೆಯ ಸುಗ್ಗಿ ಹಬ್ಬದ ಹರಾಜುಗಾರ. ಚಪ್ಪಾಳೆ ಬೇಡ, ಚಹಾ ಸಾಕು.

ಉತ್ತರ ತಡವಾಯಿತು, ಕ್ಷಮಿಸು. ನೀನು ಫೋನಿನಲ್ಲಿ ಕೇಳಿದಾಗ ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಏನೂ ತಿಳಿಯುವುದಿಲ್ಲ, ಹೋದ ನೆನಪು ಇನ್ನು ಬರುವುದಿಲ್ಲ ಎಂದು ತುಮಕೂರಿನ ಡಾಕ್ಟರು ಹೇಳಿದ್ದಾರೆ, ನಿಜ. ಆದರೂ ಅವಳ ಎದುರೇ ಅವಳ ವಿಲೇವಾರಿ ಮಾತಾಡುವಷ್ಟು ನಾನಿನ್ನೂ ಓದಿಕೊಂಡಿಲ್ಲ.

ನೀನು ಹೇಳಿದ್ದೆಲ್ಲ ನೆನಪಿದೆ. ಭಾನುವಾರ ಪೂರ್ತಿ ಚರ್ಚು, ಶನಿವಾರ ಅರ್ಧ ದಿನ ಚರ್ಚು, ಸಂಬಳದಲ್ಲಿ ಹತ್ತನೇ ಪಾಲು ಚರ್ಚು. ಆ ಹೊತ್ತನ್ನು ಅಮ್ಮನಿಗೆ ಕೊಟ್ಟು, ಆ ದುಡ್ಡಿನಲ್ಲಿ ಒಬ್ಬ ಆಯಾ ಇಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದೆ. ಕೆಳಗಿನ ಕೋಣೆ ತೊಳೆಸಿಟ್ಟಿದ್ದೀಯ, ನೀನೇ ನರ್ಸು, ಕ್ರಿಸ್‌ಮಸ್‌ಗೆ ಮುಂಚೆ ಕಾರು ತಂದು ಅಮ್ಮನನ್ನು ಕುಣಿಗಲ್ಲಿಗೆ ಕರೆದೊಯ್ಯುತ್ತೇನೆ ಎಂದೆ. ಬೇಡ ಎನ್ನಲು ನನಗೊಂದು ಕಾರಣ ಬೇಕಲ್ಲ, ಅದಕ್ಕೇ ಈ ಭಾಷಣ.

ಮೊದಲು ಪುಟ್ಟಗಂಗಮ್ಮನನ್ನು ತಗೋ. ಮಂಡಿ ನೋವು ಇಟ್ಟುಕೊಂಡು ಪ್ರತಿ ಶನಿವಾರ ಚರ್ಚು ಗುಡಿಸುತ್ತಾಳೆ. ಯಾಕಮ್ಮ ಈ ವಯಸ್ಸಿನಲ್ಲಿ ಎಂದು ಕೇಳಿದೆ. "ಮನೇಲಿ ಗುಡ್ಸಿದ್ರೆ ಸೊಸೆ ಹಿಂದೇನೇ ಬಂದು ಇನ್ನೊಂದ್ಸಲ ಗುಡಿಸ್ತಾಳೆ ಕಣಪ್ಪ. ದೇವ್ರು ಹಂಗ್ ಮಾಡಲ್ಲ," ಅಂದಳು. ಇದಕ್ಕೆ ಯಾವ ಪಾದ್ರಿ ಅಯ್ಯನವರ ಪ್ರಸಂಗ ಸಮ?

ಇನ್ನು ಹೊನ್ನಯ್ಯ. ಹೆಂಡತಿ ತೀರಿಕೊಂಡ ಮೇಲೆ ಅವಳ ಹೆಸರಲ್ಲಿ ಚರ್ಚಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟ. ಬೆನ್ನಿನ ಮೇಲೆ ಅವಳ ಹೆಸರು ಬರೆಸಿದ. ಕೊಟ್ಟಿದ್ದು ಸಭೆಗೆ, ಆದರೆ ಸಭೆಯಲ್ಲಿ ಯಾರನ್ನೂ ಅದರಲ್ಲಿ ಕೂರಲು ಬಿಡುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ತಾನು ಕೂರುತ್ತಾನೆ. ಜನ ಜಾಸ್ತಿಯಾದರೆ ತನ್ನ ಕುರ್ಚಿ ಬಿಟ್ಟುಕೊಟ್ಟು, ಅವಳ ಕುರ್ಚಿ ಹಿಡಿದುಕೊಂಡು ನಿಂತಿರುತ್ತಾನೆ. ಅಯ್ಯನವರು ಒಮ್ಮೆ ಮೆಲ್ಲಗೆ ಆಕ್ಷೇಪಿಸಿದ್ದಕ್ಕೆ, ಅವಳಿಗೆ ಮೊದಲಿಂದಲೂ ಲೇಟಾಗಿ ಬರೋ ಅಭ್ಯಾಸ ಸ್ವಾಮಿ ಅಂದನಂತೆ.

ಈಗ ನಿನ್ನೆಯ ಸುದ್ದಿ. ಮದುವೆಯಾಗಿ ಹೋದ ಮೇಲೆ ನಮ್ಮ ಸುಗ್ಗಿ ಹಬ್ಬ ನಿನಗೆ ಮರೆತಿದ್ದರೂ ಮರೆತಿರಬಹುದು. ಅವರವರು ಬೆಳೆದದ್ದನ್ನು ಕಾಣಿಕೆಯಾಗಿ ತರುವುದು, ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುವುದು, ಕೊಂಡವರು ಮನಸ್ಸಾದರೆ ಮತ್ತೆ ಸಭೆಗೇ ಕೊಡುವುದು, ಅದನ್ನು ಮತ್ತೆ ಕೂಗುವುದು. ಒಂದೇ ತೆಂಗಿನಕಾಯಿ ಊರೆಲ್ಲ ಸುತ್ತಿ ಕೊನೆಗೆ ತಂದವರ ಮನೆಗೇ ಹೋದದ್ದುಂಟು. ಅಪ್ಪ ಹೋದ ಮೇಲೆ ಹರಾಜು ಕೂಗುವ ಕೆಲಸ ನನ್ನದು. ಅಪ್ಪ ಬೆಲೆ ಕೂಗುತ್ತಿದ್ದ, ನಾನು ಪ್ರಾಸ ಕೂಗುತ್ತೇನೆ, ಅಷ್ಟೇ ವ್ಯತ್ಯಾಸ.

ಅಮ್ಮನ ಪಾಲು ಯಾವತ್ತೂ ಹಿತ್ತಲಿನ ಕುಂಬಳಕಾಯಿ. ಚೇಳೂರಿನ ತವರಿಂದ ತಂದ ಬೀಜ ಎಂಬ ಜಂಬ ಬೇರೆ. ತಾನೇ ಕೊಟ್ಟ ಕಾಯಿಗೆ ತಾನೇ ಕೂಗುತ್ತಿದ್ದಳಲ್ಲ, ನೆನಪಿದೆಯಾ? ಹೊನ್ನಯ್ಯ ಬೇಕೆಂದೇ ಅಗ್ಗಕ್ಕೆ ಕೇಳುತ್ತಿದ್ದ, ಇವಳು ರೇಗಿ ಏರಿಸುತ್ತಿದ್ದಳು. ಆ ಜಗಳ ನೋಡಲೆಂದೇ ಜನ ಊಟಕ್ಕೆ ತಡವಾದರೂ ನಿಲ್ಲುತ್ತಿದ್ದರು.

ಈ ವರ್ಷ ಅವಳು ಬೀಜ ಹಾಕಲಿಲ್ಲ. ಬೀಜ ಯಾವುದು ಬೆಣಚುಕಲ್ಲು ಯಾವುದು ತಿಳಿಯುವುದಿಲ್ಲ. ನಿನ್ನ ಅತ್ತಿಗೆ ಹೇಮಶ್ರೀ ಸಂತೆಯಿಂದ ಒಂದು ಕಾಯಿ ತಂದು ಅವಳ ತೊಡೆಯ ಮೇಲಿಟ್ಟಳು. ಅಮ್ಮ ಅದನ್ನು ಮಗುವಿನ ಹಾಗೆ ತಬ್ಬಿಕೊಂಡು ಚರ್ಚಿಗೆ ಬಂದಳು. ಮಳೆಗಾಲದಿಂದ ಅವಳು ಯಾರನ್ನೂ ಹೆಸರು ಹಿಡಿದು ಕರೆದಿಲ್ಲ. ಅನ್ನ ಬೇಕಾ ಅಂದರೂ ಗೋಡೆ ನೋಡುತ್ತಾಳೆ. ಅಂಗಳದಲ್ಲಿ ಹಾಗೇ ಕೂತಿದ್ದಳು. ನಾನು ಮೇಜಿನ ಮೇಲೆ ಹತ್ತಿ ಶುರು ಮಾಡಿದೆ:

"ಗಿರಿಯಮ್ಮನ ಹಿತ್ತಿಲ ಕುಂಬಳ,
ಕೂಗಿದ್ರೆ ಹೋದೀತು ಸಂಬಳ,
ಕೂಗ್ದಿದ್ರೆ ವರ್ಷೆಲ್ಲ ಹಂಬಲ!"

ಅಮ್ಮ ತಲೆ ಎತ್ತಿದಳು ಮೋನಿ. ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನೇ ನೋಡುತ್ತ, "ಐವತ್ತು," ಅಂದಳು.

ಹೊನ್ನಯ್ಯ ಅರವತ್ತು ಅಂದ. "ಎಪ್ಪತ್ತು ಕಣಯ್ಯ, ತೆಪ್ಪಗಿರು," ಅಂದಳು. ಅವನು ಸುಮ್ಮನಾದ. ಎಲ್ಲ ಸುಮ್ಮನಾದರು. ಆಗ ಅವಳು ತನ್ನ ಮೇಲೆ ತಾನೇ ಕೂಗತೊಡಗಿದಳು. ಎಂಬತ್ತು ಅಂದಳು, ನೂರು ಅಂದಳು. ಪಾಪ, ಎದುರಿಗೆ ಯಾರೂ ಇಲ್ಲ ಎಂಬುದೇ ಗೊತ್ತಿಲ್ಲ. ಯಾರೂ ನಗಲಿಲ್ಲ. ನಿಯಮದ ಪ್ರಕಾರ ನಾನು ಒಂದ್ಸಲ, ಎರಡ್ಸಲ, ಮೂರ್ಸಲ ಎಂದು ಮುಗಿಸಬೇಕು. ಎರಡ್ಸಲ ಅಂದೆ. ಮೂರು ಬಾಯಿಂದ ಬರಲಿಲ್ಲ. ಮೂರು ಅಂದರೆ ಅವಳು ಮತ್ತೆ ಗೋಡೆ ನೋಡುತ್ತಾಳಲ್ಲ.

ನಾನು ಎರಡಕ್ಕೇ ನಿಂತದ್ದು ಹೊನ್ನಯ್ಯನಿಗೆ ಕಂಡಿತೋ ಏನೋ, ನೂರಿಪ್ಪತ್ತು ಅಂದ. ಅಮ್ಮ ಏರಿಸಿದಳು. ಹಿಂದಿನಿಂದ ಪುಟ್ಟಗಂಗಮ್ಮ ಕೂಗಿದಳು. ಆಮೇಲೆ ಒಬ್ಬೊಬ್ಬರೇ, ಕೊನೆಗೆ ಅಯ್ಯನವರೂ. ಅಮ್ಮ ಎಲ್ಲರಿಗೂ ಜವಾಬು ಕೊಟ್ಟಳು, ಒಬ್ಬನನ್ನು ಜಿಪುಣ ಅಂದಳು. ಯಾರಿಗೂ ಕುಂಬಳ ಬೇಕಿರಲಿಲ್ಲ. ಅದು ಎಷ್ಟಕ್ಕೆ ಹೋಯಿತು ಎಂದು ನಿನಗೆ ಬರೆಯುವುದಿಲ್ಲ, ಆಯಾಳ ಲೆಕ್ಕ ಹಾಕುತ್ತೀಯ. ಕೊಂಡವನು ಹೊನ್ನಯ್ಯನೇ. ಮನೆಗೆ ಒಯ್ಯಲೂ ಇಲ್ಲ, ನಮ್ಮ ಬಾಗಿಲಲ್ಲೇ ಇಟ್ಟುಹೋದ. ಯಾಕೋ ಅಂದರೆ, "ನಂಗೆ ಕುಂಬಳ ವಾಯು ಕಣೋ," ಅಂದ.

ಮಹಾಜನಗಳೇ, ಸಭೆಯವರು ಯಾಕೆ ಕೊಡುತ್ತಾರೆ ಎಂಬ ಪ್ರಶ್ನೆಗೆ ಇದು ಉತ್ತರವೋ ಅಲ್ಲವೋ ನಾನರಿಯೆ. ಆದರೆ ಅಷ್ಟು ಹೊತ್ತು ಅಮ್ಮ ನಮ್ಮ ಅಮ್ಮನಾಗಿದ್ದಳು. ಕುಣಿಗಲ್ಲಿನ ಕೋಣೆ ಎಷ್ಟೇ ಸ್ವಚ್ಛವಿರಲಿ, ಅಲ್ಲಿ ಅವಳಿಗೆ ಎದುರು ಕೂಗುವವರು ಯಾರು? ಆದಕಾರಣ ಕಾರು ತರಬೇಡ. ಹೇಮಶ್ರೀ ಸುಸ್ತಾಗಿದ್ದಾಳೆ, ನಾನೂ ಬಸ್ಸಿನಲ್ಲೇ ನಿದ್ದೆ ಮುಗಿಸುತ್ತೇನೆ, ಆದರೂ ಹೇಗೋ ನಡೆಯುತ್ತದೆ. ಕ್ರಿಸ್‌ಮಸ್‌ಗೆ ನೀವೇ ಬನ್ನಿ, ಕುಂಬಳದ ಪಾಯಸ ಮಾಡಿಸೋಣ.

ನಿನ್ನ ಕೈಯಲ್ಲಿ ರೋಗಿಗಳಿಗೆ ನೋವು ಕಡಿಮೆಯಾಗಲಿ, ನಿನ್ನ ಕಾಲು ನೋವು ಅದಕ್ಕೂ ಮೊದಲು. ದೇವರ ನೆರಳು ನಿನ್ನ ಮನೆಯ ಮೇಲಿರಲಿ, ಬೆಕ್ಕಿನ ಮೇಲೂ.

ನಿನ್ನ ಅಣ್ಣ,
ಜಯಶೀಲ

ತಾ.ಕ.: ಹರಾಜು ಮುಗಿದ ಮೇಲೆ ಅಮ್ಮ ಕೈಸನ್ನೆ ಮಾಡಿ ನನ್ನನ್ನು ಕರೆದಳು. ಗುರುತು ಸಿಕ್ಕಿತು ಅಂದುಕೊಂಡು ಓಡಿದೆ, ಮೇಜಿನಿಂದ ಇಳಿಯುವಾಗ ಬೀಳುವುದರಲ್ಲಿದ್ದೆ. ನನ್ನ ತೋಳು ಹಿಡಿದುಕೊಂಡು, "ಚೆಂದಾಗ್ ಕೂಗ್ತೀಯ ಕಣಪ್ಪ. ನನ್ ಮಗಾನೂ ಹಿಂಗೇ ಕೂಗ್ತಿದ್ದ. ಈಗ ಬರೋದೇ ಬುಟ್ಬುಟ್ಟವ್ನೆ. ಎಲ್ಲಾದ್ರೂ ಸಿಕ್ಕಿದ್ರೆ ಅಮ್ಮ ಕಾಯ್ತಾವ್ಳೆ ಅನ್ನು," ಅಂದಳು. ಹೇಳ್ತೀನಮ್ಮ ಅಂದೆ.

ಇವತ್ತು ಬೆಳಿಗ್ಗೆ ಅಡಿಗೆಮನೆಯಲ್ಲಿ ನಿಂತು ಅದೇ ಪ್ರಾಸ ಕೂಗಿ ನೋಡಿದೆ. ತಿರುಗಲಿಲ್ಲ.

ಮೇಲೆ ಬರೆದದ್ದೆಲ್ಲ ಬಿಡು ಮೋನಿ. ಕಾರು ತಗೊಂಡು ಬಾ. ಮಗ ಬರಲಿಲ್ಲ ಅಂತ ಕಾಯುವವಳ ಎದುರು ದಿನಾ ಕೂತು ಊಟ ಮಾಡುವುದು ನನ್ನ ಕೈಲಿ ಆಗುತ್ತಿಲ್ಲ.