ಎರಡು ಕಟ್ಟಡಗಳ ಎಣಿಕೆ

ರಾವೂರ
೧೨ ಆಗಸ್ಟ್ ೨೦೨೪, ಸೋಮವಾರ

ತಂಗಿ ಉಮಾದೇವಿಗೆ ಮಹಾದೇವಮ್ಮನ ಶರಣು.

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಹೊಲದಲ್ಲಿ ನಮ್ಮವರ ಸಮಾಧಿಗೆ ಹೂ ಏರಿಸಿ ಶಾಲೆಗೆ ಹೋದೆ. ಶಾಲೆ ಬಿಟ್ಟ ಮೇಲೆ ವಾಡಿ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಮಗಳು ಭಾಗ್ಯಜ್ಯೋತಿ ಸಿಕ್ಕಳು. ಅವ್ವ ಹೇಗಿದ್ದಾಳೆ ಎಂದು ಕೇಳಿದೆ. "ಚಂದ್ರಂಪಳ್ಳಿಯಿಂದ ರವಿವಾರ ಅಷ್ಟೇ ಬರ್ತಾಳ್ರಿ ದೊಡ್ಡವ್ವ. ಬಂದ್ರೂ ಬರೇ ಮಲಗಿರ್ತಾಳ," ಅಂದಳು. ನಗುತ್ತಲೇ ಅಂದಳು. ಅದಕ್ಕೇ ಈ ಕಾಗದ.

ನಮ್ಮ ಶಾಲೆಗೆ ಇನ್ನೊಂದು ಶಾಲೆ ಕೂಡಿಸಿ ಒಂದು ಮಾಡಿದರೂ ಕಟ್ಟಡ ಎರಡೇ ಉಳಿದವು; ನಾನು ಊರೊಳಗಿನ ಕಟ್ಟಡಕ್ಕೆ ಬಿದ್ದೆ, ನೀನು ಕಲ್ಲುಗಣಿ ಕಡೆಯ ಕಟ್ಟಡಕ್ಕೆ. ಹದಿನಾರು ವರ್ಷ ಡಬ್ಬಿ ಹಂಚಿಕೊಂಡು ಉಂಡವರು, ಹಾಜರಿ ಪುಸ್ತಕದಲ್ಲಿ ಒಬ್ಬರ ಸಹಿ ಒಬ್ಬರು ನೋಡುವುದಷ್ಟೇ ಆಯಿತು.

ಆಮೇಲೆ ಮಕ್ಕಳು ಕಡಿಮೆಯಿರುವ ಕಟ್ಟಡದ ಒಬ್ಬ ಶಿಕ್ಷಕಿ ಹೆಚ್ಚುವರಿ, ಬೇರೆ ಕಡೆ ಹೋಗಬೇಕು ಎಂದು ಆದೇಶ ಬಂತು. ಎಣಿಕೆಯ ದಿನ ನೀನು ರಜೆಯಲ್ಲಿದ್ದೆ. ಹೆಡ್ ಮೇಡಂ ರಶೀದಾಬೇಗಂ ಎರಡೂ ಕಡೆಯ ಎಣಿಕೆ ನನಗೇ ಒಪ್ಪಿಸಿದರು. "ಕಣ್ಣಿಗಿ ಕಂಡದ್ದಷ್ಟೇ ಬರೀರಿ," ಅಂದರು. ನನ್ನ ಕಡೆ ಮೂವತ್ನಾಲ್ಕು. ನಿನ್ನ ಕಡೆ ಮೂವತ್ತೆಂಟು ಎಂದು ನನಗೆ ಗೊತ್ತಿತ್ತು. ನಾನು ಅಲ್ಲಿಗೆ ಮುಟ್ಟುವಾಗ ತಡವಾಗಿತ್ತು. ಗಣಿಯ ಮಕ್ಕಳು ಬಿಸಿಯೂಟ ಉಂಡು ತಾಯಂದಿರ ಹತ್ತಿರ ಹೋಗಿಬಿಟ್ಟಿದ್ದರು. ಇಪ್ಪತ್ತೊಂದು ಎಂದು ಬರೆದೆ.

ಸರಿಯಾಗಿ ಎಣಿಸಿದ್ದರೆ ಹೋಗಬೇಕಾದವಳು ನಾನು. ನಮ್ಮವರು ಮಣ್ಣಾಗಿ ಆಗ ಐದು ತಿಂಗಳು.

ನೀನು ಚಂದ್ರಂಪಳ್ಳಿ ಶಾಲೆಗೆ ಹೊರಟ ದಿನ ಹೇಳಿಬಿಡಬೇಕು ಎಂದೇ ಬಸ್ಸಿನ ತನಕ ಬಂದಿದ್ದೆ. ನೀನೇ ನನ್ನ ಕೈ ಹಿಡಿದು, "ನೀ ಇಲ್ಲೇ ಇರು ಅಕ್ಕಾ. ಅಣ್ಣಾವರು ಇಲ್ಲೇ ಹೊಲದಾಗ ಅದಾರ," ಅಂದೆ. ನಾನು ನಿನ್ನ ಚೀಲ ಎತ್ತಿ ಬಸ್ಸಿನೊಳಗೆ ಇಟ್ಟೆ.

ತಪ್ಪಾಯಿತು ತಂಗಿ.

ನಿನ್ನ ಅಕ್ಕ,
ಮಹಾದೇವಮ್ಮ

ತಾ.ಕ.: ತಡವಾಗಿತ್ತು ಎಂದು ಬರೆದೆನಲ್ಲ, ಅದು ತಾನಾಗಿ ಆದದ್ದಲ್ಲ. ಉಂಡ ಮೇಲೆ ಆ ಮಕ್ಕಳು ನಿಲ್ಲುವುದಿಲ್ಲ ಎಂದು ನೀನೇ ಎಷ್ಟೋ ಸಲ ಹೇಳಿದ್ದೆ. ಮೂರು ಗಂಟೆಯವರೆಗೆ ಹಾದಿಯ ಬದಿಯ ಕಲ್ಲಿನ ಮೇಲೆ ಕುಳಿತಿದ್ದೆ. ಅವರು ನನ್ನ ಮುಂದೆಯೇ ಹಾದು ಹೋದರು. ಇಬ್ಬರು ನಿಂತು ನಮಸ್ಕಾರ ಮಾಡಿದರು, ನಾನೂ ಮಾಡಿದೆ. ಇದಿಷ್ಟನ್ನೂ ಅರ್ಜಿಯಲ್ಲಿ ಬರೆದು ಸಹಿ ಹಾಕಿದ್ದೇನೆ. ನಾಳೆ ರಜೆ ಹಾಕಿ ಚಿತ್ತಾಪುರಕ್ಕೆ, ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗುತ್ತೇನೆ. ಒಂಬತ್ತಕ್ಕೆ ಬಸ್ಸಿದೆ.