ಈ ಹಾಸು ಮುಗಿಯಲಿ

ಮೇ 19, 2021. ಬೆಳಿಗ್ಗೆ

ಲಾಕ್‌ಡೌನ್. ಸೇಲಂನ ನಮ್ಮ ಬೀದಿಯಲ್ಲಿ ಬಸ್ಸಿಲ್ಲ, ಬೈಕಿಲ್ಲ. ಮಗ್ಗಕ್ಕೆ ಮುಂದೆ ಏರಿಸುವ ಉದ್ದನೂಲು, ಗಂಜಿ ಹಾಕಿದ ಹಾಸನ್ನು ಈ ತುದಿಯಿಂದ ಆ ತುದಿಗೆ ಚಾಚಿದ್ದೇವೆ. ನೀಲಿ ನೂಲಿನ ಮೇಲೆ ಬಿಸಿಲು ತೂಕಡಿಸುತ್ತಿದೆ. ನಾನೂ.

ನರ್ಸ್ ಜೀವಿತಾ ಬಂದಿದ್ದಳು, ಈ ಬೀದಿಯಲ್ಲೇ ಬೆಳೆದವಳು. ಸ್ಕೂಲಲ್ಲಿ ಕೊರೋನಾ ಲಸಿಕೆ ಕ್ಯಾಂಪ್ ಅಂತೆ. ನಮ್ಮ ಮನೆಯವರದು ಒಂದೇ ಮಾತು— “ಮಗ್ಗದ ಮ್ಯಾಲಿರೋ ಈ ಆಸು ನೇಯ್ದು ಮುಗೀಲಮ್ಮಾ, ಬತ್ತೀನಿ.”

ಕಾರಣ ನನಗೆ ಗೊತ್ತು. ಇವರ ಗೆಳೆಯ ಧನಪಾಲ್ ಲಸಿಕೆ ಸೂಜಿ ಬಗ್ಗೆ ಕಳಿಸಿದ ವಾಟ್ಸಾಪ್ ವಾಯ್ಸ್. “ಊಸಿ ಆಕುಸ್ಕಂಡ್ರೆ ಎರಡು ವರ್ಸ ಕೈ ಮರಗಟ್ಟೋಗ್ತದೆ.” ಮಗ್ಗದಲ್ಲಿ ಲಾಳಿಯ ಹಗ್ಗ ಎಳೆಯೋದು ಬಲಗೈ. ಅದು ಹೋದರೆ ನಾವು ಏನು ಮಾಡೋದು?

ಮೇ 26. ರಾತ್ರಿ

ಮಧ್ಯಾಹ್ನ ಕನಸು. ಅವರ ಬಲಗೈ ನೂಲಾಗಿ ಬಿಚ್ಚಿಕೊಳ್ಳುತ್ತಿತ್ತು... ನಾನು ಕೂತು ಲಾಳಿಯ ಕಂಡಿಕೆಗೆ ಸುತ್ತುತ್ತಿದ್ದೆ. ಹೆದರಿಕೆಯೇ ಆಗಲಿಲ್ಲ. ಎದ್ದ ಮೇಲೆ ಆಯಿತು.

ಸಂಜೆ ಹಾಸಿನ ಕೊನೆ ಬಂತು. ಬೆರಳಿಗೆ ಬೂದಿ ಹಚ್ಚಿಕೊಂಡು ಹಳೇ ಎಳೆಗಳ ತುದಿಗೆ ಹೊಸ ಹಾಸು ಹೊಸೆದರು. ಮಗ್ಗ ಬರಿದಾಗಬಾರದು, ಅತ್ತೆಯ ಕಾಲದಿಂದ ಹೀಗೆ. ಒಂದೊಂದೇ ಎಳೆ ಎತ್ತಿ ಕೊಟ್ಟವಳು ನಾನೇ. ಹಾಗಾದರೆ ಹಾಸು ಮುಗಿಯುವುದು ಯಾವತ್ತು? ಕೇಳಲಿಲ್ಲ. ಮುಗಿಯದಿದ್ದರೇ ಒಳ್ಳೆಯದು ಅನ್ನಿಸಿತು.

ಜೂನ್ 9

ಎದುರು ಮನೆ ಮುನುಸ್ವಾಮಿ ಅಣ್ಣ ಆಸ್ಪತ್ರೆಯಿಂದ ಬರಲಿಲ್ಲ. ಅವರೂ ಹಾಸು ಮುಗೀಲಿ ಅಂದವರೇ. ಆಸ್ಪತ್ರೆಯವರು ಹೆಣದ ಮುಖ ಕೂಡ ತೋರಿಸಲಿಲ್ಲ.

ಜೂನ್ 10. ಹತ್ತು ಗಂಟೆ

ಕತ್ತರಿ ತಗೊಂಡೆ. ಮಗ್ಗದ ಮೇಲಿನ ಹಾಸನ್ನು ಅಡ್ಡಕ್ಕೆ ಕತ್ತರಿಸಿದೆ. ಮಗ್ಗದ ಗುಳಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದವರು ಬಾಯಿ ತೆರೆದುಕೊಂಡು ನೋಡಿದರು. ಮದುವೆಯಾಗಿ ಇಪ್ಪತ್ತೇಳು ವರ್ಷ, ಹೀಗೆ ನೋಡಿದ್ದಿಲ್ಲ.

“ಮುಗೀತಲ್ಲ. ಏಳಿ,” ಅಂದೆ.

ಅದೇ ದಿನ. ಸಂಜೆ

ಸ್ಕೂಲಲ್ಲಿ ಕ್ಯೂ. ಕುರ್ಚಿ ಹತ್ತಿರ ಬಂದಾಗ ಇವರು ಕೇಳಿದರು— “ನೀನೂ ಆಕುಸ್ಕಂತೀಯಲ್ಲ?”

ನನಗೂ ನಲವತ್ತೆಂಟು, ಲಸಿಕೆಯ ವಯಸ್ಸೇ. ಇಷ್ಟು ದಿನ ಅವರ ಹಿಂದೆ ನಿಂತು ಹೆದರುತ್ತಿದ್ದೆ, ಅಷ್ಟೇ. ಕ್ಯೂ ಬಿಟ್ಟು ಪಕ್ಕಕ್ಕೆ ಸರಿದೆ. ನಾಚಿಕೆಯಾಯಿತು.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಹೋಗಿ ಕೂತರು. ಅಂಗಿಯ ಬಲತೋಳು ಮಡಚಿದರು.

“ಎಡಗೈ ಕೊಡಣ್ಣಾ, ನೇಯೋ ಕೈ ನೋಯ್ತದೆ,” ಅಂದಳು ಜೀವಿತಾ.

“ಬ್ಯಾಡ, ಇದಕ್ಕೇ ಆಕು. ಏನೂ ಆಗಕಿಲ್ಲ ಅಂತ ಇವ್ಳು ನೋಡ್ಲಿ.”

ಜೂನ್ 11. ಬೆಳಿಗ್ಗೆ

ಅವರಿಗೆ ಸ್ವಲ್ಪ ಜ್ವರ. ಕೈ ನೋವು. ಕತ್ತರಿಸಿದ ಎಳೆಗಳನ್ನು ಆಗಲೇ ಹೊಸೆಯುತ್ತಾ ಕೂತಿದ್ದಾರೆ. ಬಲಗೈಲೇ. ಎಳೆ ಕೊಡು ಬಾ ಅಂತ ಕರೆದರು. ಬಂದು ಕೊಡ್ತೀನಿ ಅಂದೆ. ಸ್ಕೂಲಿಗೆ ಒಬ್ಬಳೇ ಹೊರಟಿದ್ದೇನೆ, ಊಸಿ ಹಾಕಿಸಿಕೊಳ್ಳೋಕೆ.