ಅಪ್ಪನ ಮುಷ್ಟಿಯ ಮಣ್ಣು

ಮಾರ್ಚ್ ೧೪, ಗುರುವಾರ

ಮುದ್ದಿನ ಪುಟ್ಟಿಗೆ,

ಚೆನ್ನಾಗಿದ್ದೀಯಾ? ನಾವಿಲ್ಲಿ ಇದ್ದೇವೆ. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯ್ತು. ಬಿಡುವಿರಲಿಲ್ಲ ಅಂತ ಸುಳ್ಳು ಹೇಳಲ್ಲ. ಬರೆಯೋಕೆ ಕೈ ಏಳಲಿಲ್ಲ, ಅಷ್ಟೇ. ಬೇಕರಿಯಲ್ಲಿ ನಿನ್ನ ಕೈಕೆಳಗೆ ಈಗ ಆರು ಜನ ಅಂತ ಓದಿ ನಿನ್ನತ್ತಿಗೆ ಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಳು.

ಅಪ್ಪನ ಸುದ್ದಿ ಹೇಳಬೇಕು, ಗಾಬರಿಯಾಗಬೇಡ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸಿ, ಹಿಡಿದುಕೊಂಡೇ ನಿನ್ನತ್ತಿಗೆ ಜೊತೆ ಮಾತಾಡ್ತಾ ನಿಂತಿದ್ದರು. ಅವಳು ಕಿರುಚಿ ಕಿತ್ತುಕೊಂಡಳು. ಅಪ್ಪ ಅಂಗೈ ತಿರುಗಿಸಿ ನೋಡಿ, “ಏನೂ ಅನ್ನಿಸಲೇ ಇಲ್ವಲ್ಲೇ” ಅಂದ್ರು. ಸಕ್ಕರೆ ಕಾಯಿಲೆಯಿಂದ ಬೆರಳಿನ ನರಗಳು ಹಾಳಾಗಿವೆ, ಹೋದ ಸ್ಪರ್ಶ ವಾಪಸ್ ಬರೋದು ಕಷ್ಟ ಅಂತ ಡಾಕ್ಟರು ಹೇಳಿದರು.

ಉಳುಮೆ ಬಿಟ್ಟು, ಮಣ್ಣಿಗೆ ಒಣಹುಲ್ಲು ಹೊದಿಸಿ ತರಕಾರಿ ಬೆಳೆಯೋಕೆ ಶುರುಮಾಡಿದಾಗಿನಿಂದ ನಮಗೆ ಅವರ ಮುಷ್ಟಿಯೇ ಅಳತೆ ಅಲ್ವಾ. ಹುಲ್ಲು ಸರಿಸಿ ಒಂದು ಹಿಡಿ ಮಣ್ಣು ಹಿಸುಕಿ “ಇವತ್ತು ನೀರು ಬೇಡ” ಅಂದ್ರೆ ಮುಗೀತು. ಆ ಮುಷ್ಟಿಗೆ ಈಗ ಏನೂ ತಿಳಿಯಲ್ಲ.

ಒಂದು ಕಂಪನಿಯವನನ್ನು ಕರೆಸಿದೆ. ಮಣ್ಣಿನ ತೇವ ನೋಡಿ ತಾನೇ ನೀರು ಬಿಡೋ, ತಾನೇ ನಿಲ್ಲಿಸೋ ಯಂತ್ರ ತಂದ. “ನೀವು ತೋಟದ ಕಡೆ ತಲೆಹಾಕೋದೇ ಬೇಡ, ಎಲ್ಲಾ ಫೋನಿಗೆ ಬರುತ್ತೆ” ಅಂದ. ಅಪ್ಪ ಕೇಳಿದ್ರು: “ಎರೆಹುಳು ಕಮ್ಮಿಯಾದ್ರೆ ಅದೂ ಬರುತ್ತಾ?”

“ಮುಂದಿನ ಅಪ್‌ಡೇಟ್‌ನಲ್ಲಿ ಬರಬಹುದು ಸರ್.”

ಕೆಟ್ಟರೆ ನಾನು ಬಿಚ್ಚಿ ನೋಡಬಹುದಾ ಅಂದೆ. ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಅಂದ.

ಒಂದು ತಿಂಗಳು ಪರೀಕ್ಷೆಗೆ ಇಟ್ಟುಕೊಂಡೆವು. ನಿಜ ಹೇಳಬೇಕಂದ್ರೆ ಚೆನ್ನಾಗೇ ಕೆಲಸ ಮಾಡಿತು. ನೀರೂ ಉಳಿಯಿತು. ಅಪ್ಪ ದಿನಾ ಬೂಟು ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತು, ತಾನಾಗೇ ಹನಿ ಬಿಡೋ ಪೈಪುಗಳನ್ನು ನೋಡ್ತಿದ್ರು. ಮೂರನೇ ವಾರ ಬೂಟು ಹಾಕೋದನ್ನೂ ಬಿಟ್ಟರು. ನಾಲ್ಕನೇ ವಾರ ಸ್ನಾನ ಮಾಡಿ ಅಂತ ಎರಡೆರಡು ಸಲ ಹೇಳಬೇಕಾಯ್ತು. ಯಂತ್ರ ವಾಪಸ್ ಕಳಿಸಿದೆ.

ಈಗ ಪಾತಿಗೊಂದರಂತೆ ಬೇರೆಯದು ಹಾಕಿದ್ದೇನೆ. ನೀರು ತುಂಬಿದ ಉದ್ದನೆಯ ಕೊಳವೆ, ಮಣ್ಣಲ್ಲಿ ಹೂತಿರೋ ತುದಿಗೆ ನೀರು ಜಿನುಗೋ ಪಿಂಗಾಣಿಯ ಮೂತಿ, ಮೇಲೆ ಗಡಿಯಾರದಂಥ ಮುಳ್ಳು. ಮಣ್ಣು ಒಣಗಿದಷ್ಟೂ ಕೊಳವೆಯ ನೀರನ್ನು ಎಳೆಯುತ್ತೆ, ಮುಳ್ಳು ಏರುತ್ತೆ. ಕರೆಂಟು ಬೇಡ, ಕೆಟ್ಟರೆ ನಾವೇ ಬಿಚ್ಚಬಹುದು. ಆದರೆ ಯಾರಾದರೂ ನಡೆದು ಹೋಗಿ ನೋಡಲೇಬೇಕು. ಅದಕ್ಕೇ ಅದನ್ನು ತಂದೆ. ಅಪ್ಪ ಕನ್ನಡಕ ಹಾಕಿಕೊಂಡು ಎಂಟೂ ಪಾತಿ ಸುತ್ತಿ ಬಂದು, ಮುಳ್ಳು ತೋರಿಸಿದ ಅಂಕಿಗಳನ್ನು ಶೆಡ್ಡಿನ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೀತಾರೆ. ಮುಳ್ಳು ನೋಡಿದ ಮೇಲೂ ಒಂದು ಹಿಡಿ ಮಣ್ಣು ಹಿಸುಕುತ್ತಾರೆ. ಸುಮ್ಮನೆ ನಿಂತು ಕೈ ನೋಡಿಕೊಳ್ತಾರೆ. ಆಮೇಲೆ ಕೊಡವಿ ಮುಂದೆ ಹೋಗ್ತಾರೆ.

ಅದನ್ನು ನೋಡಿದ್ರೆ ನನಗೆ ಸಂತೋಷವೋ ದುಃಖವೋ ಆಗಬೇಕು. ಏನೂ ಆಗಲ್ಲ ಪುಟ್ಟಿ. “ಮಾತಾಡ್ರೀ, ಗೋಡೆ ಜೊತೆ ಸಂಸಾರ ಮಾಡಿದ ಹಾಗಾಗಿದೆ” ಅಂತಾಳೆ ನಿನ್ನತ್ತಿಗೆ. ಊಟ ಮಾಡ್ತೀನಿ, ಕೆಲಸ ಮಾಡ್ತೀನಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಒಲೆಯ ಶಾಖದಲ್ಲಿ ಜೋಪಾನ. ಎಲ್ಲಿದ್ದರೂ ತಣ್ಣಗಿರು ತಾಯಿ.

ಇಂತಿ,
ನಿನ್ನ ಅಣ್ಣ

ತಾ.ಕ.: ಮೂರು ವರ್ಷದ ಹಿಂದೆ ಟೊಮೇಟೊ ಬೇರುಗಳೆಲ್ಲ ಕೊಳೆತಾಗ, ನೀನು ನೀರು ಬಿಟ್ಟು ಮರೆತೆ ಅಂತ ಅಪ್ಪ ಎಲ್ಲರ ಮುಂದೆ ಬೈದರು, ನೀನು ಬ್ಯಾಗು ತಗೊಂಡು ಹೊರಟೆ. ನೀನು ಮರೆತಿರಲಿಲ್ಲ. ಆ ವಾರವೆಲ್ಲ ಮಣ್ಣು ಹಿಸುಕಿ “ಒಣಗಿದೆ, ನೀರು ಬಿಡು” ಅಂದವರು ಅವರೇ. ಅವತ್ತು ಬೆಳಿಗ್ಗೆ ಅವರ ಅಂಗೈಗೆ ಬೇಲಿ ತಂತಿಯ ಚೂರು ನೆಟ್ಟು ರಕ್ತ ಸುರೀತಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಕಿತ್ತು ತೆಗೆದವನು ನಾನು. ಬೇರು ಯಾಕೆ ಕೊಳೀತು ಅಂತ ನನಗೆ ಆಗಲೇ ಹೊಳೆದಿತ್ತು. ಆದರೂ ನೀನು ಗೇಟು ದಾಟಿ ಹೋದರೂ ಬಾಯಿ ಬಿಡಲಿಲ್ಲ. ನಿನ್ನೆ ಅಪ್ಪನಿಗೆ ಎಲ್ಲಾ ಹೇಳಿದೆ. “ನನಗಲ್ಲ ಕಣೋ, ಅವಳಿಗೆ ಹೇಳು” ಅಂದ್ರು.